ಐಪಿ ಹಾಕಿದವನ ಖಾನಾವಳಿ

ನಮ್ಮ ಶಹಾಪುರದ ಕಡೆ ಯಾರಾದರೂ ದಿವಾಳಿಯೆದ್ದು ಕೋರ್ಟಿಗೆ ಅರ್ಜಿ ಕೊಟ್ಟರೆ ‘ಐಪಿ ಹಾಕ್ಯಾನ’ ಎನ್ನುತ್ತಾರೆ. ಸತ್ತವನ ಸುದ್ದಿಯನ್ನಾದರೂ ಮೆಲ್ಲಗೆ ಹೇಳುತ್ತಾರೆ, ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಹೇಳುತ್ತಾರೆ. ಭೀಮರಾಯನಗುಡಿಯ ಮೌನಪ್ಪನ ಅರ್ಜಿ ಟೈಪ್ ಮಾಡಿದವನು ನಾನೇ, ವಕೀಲರ ಗುಮಾಸ್ತ.

ಮೌನಪ್ಪ ಕಾಲುವೆಗೆ ಕಲ್ಲು ಹೊದಿಸುವ ತುಂಡು ಗುತ್ತಿಗೆ ಹಿಡಿದಿದ್ದ. ಮೇಲಿನ ದೊಡ್ಡ ಗುತ್ತಿಗೆದಾರ ಬಿಲ್ಲಿನ ಹಣ ಎತ್ತಿಕೊಂಡು ಪರಾರಿಯಾದ. ಕಾಲುವೆಗೆ ನೀರು ಬಂತು, ಮೌನಪ್ಪನಿಗೆ ದುಡ್ಡು ಬರಲಿಲ್ಲ. ಸಾಲ ಕೊಟ್ಟವರು ಒಂಬತ್ತು ಮಂದಿ. ಪಟ್ಟಿಯ ಕೊನೆಯ ಹೆಸರು ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸಿದ ಅಂಬ್ರಪ್ಪನದು. ಅದನ್ನು ಬರೆಸುವಾಗ ಮಾತ್ರ ಮೌನಪ್ಪ ಅತ್ತ.

“ಆ ಮುದುಕನ ಹೆಸರು ಬ್ಯಾಡ್ರಿ. ಅವಗ ಹೆಂಗರ ಮಾಡಿ ಕೊಡ್ತೀನಿ.”

“ಒಬ್ಬರನ್ನ ಬಿಟ್ರ ಅರ್ಜಿ ಬೀಳ್ತದ” ಎಂದು ಗದರಿಸಿ ಹೆಸರು ಸೇರಿಸಿದೆ. ಕಾನೂನು ಗೊತ್ತಿದ್ದವರಿಗೆ ಕರುಣೆ ಸ್ವಲ್ಪ ಕಡಿಮೆಯೇ.

ಮೌನಪ್ಪನ ಪ್ಲಾಟು, ಮೋಟಾರ್ ಸೈಕಲ್ಲು ಎರಡನ್ನೂ ಕೋರ್ಟು ತೆಗೆದುಕೊಂಡಿತು. ಕಾನೂನಿನಂತೆ ಅಡುಗೆ ಪಾತ್ರೆ ಮುಟ್ಟುವಂತಿಲ್ಲವಾದ್ದರಿಂದ, ಹೆಂಡತಿ ಮಲ್ಲಿಕಮ್ಮ ಐವತ್ತು ಕೂಲಿಗಳಿಗೆ ಬೇಯಿಸುತ್ತಿದ್ದ ಎರಡು ಡಬರಿ ಉಳಿದವು. ಅವನ್ನೇ ಒಲೆಗೇರಿಸಿ ಅವಳು ಕಾಲುವೆ ಕೆಲಸದವರ ಕ್ಯಾಂಪಿನ ಎದುರು ಖಾನಾವಳಿ ತೆರೆದಳು.

ಮೊದಲ ಗಿರಾಕಿ ಸಿಮೆಂಟ್ ಅಂಗಡಿಯ ಹುಲಗಪ್ಪ, ಪಟ್ಟಿಯ ಮೊದಲ ಹೆಸರು. ನಾಲ್ಕು ರೊಟ್ಟಿ ಉಂಡು ಕೈ ಒರೆಸಿಕೊಂಡ.

“ಬಾಕಿಯೊಳಗ ಮುರ್ಕೋ ತಂಗಿ.”

“ಮುರ್ಕೋಬಹುದಿತ್ತಣ್ಣ. ಒಬ್ಬರಿಗೆ ಕೊಟ್ಟು ಎಂಟು ಮಂದಿಗೆ ಬಿಟ್ರ ಕೋರ್ಟು ನಮ್ಮನ್ನ ಒಳಗ ಹಾಕ್ತದಂತ. ರೊಕ್ಕ ಇಡ್ರಿ.”

ಮರುದಿನ, ಹುಲಗಪ್ಪ ಪುಕ್ಕಟೆ ಉಣ್ಣುತ್ತಾನೋ ಎಂದು ಕಾಯಲು ಪಟ್ಟಿಯ ಮತ್ತಿಬ್ಬರು ಬಂದರು. ಅವರನ್ನು ಕಾಯಲು ಉಳಿದವರು ಬಂದರು. ಕಾಯುತ್ತ ಕೂತವರಿಗೆ ಹಸಿವಾಗುತ್ತಿತ್ತು. ಹೀಗೆ ಎಂಟು ಮಂದಿ ಮೂರು ವರ್ಷ ನಗದು ಕೊಟ್ಟು ಉಂಡರು.

ಮೌನಪ್ಪ ಮಾತ್ರ ಹೊರಗೆ ಬರಲಿಲ್ಲ. ಪರದೆಯ ಹಿಂದೆ ಒಲೆ ಊದುತ್ತ ಕೂತ. ಅಂಬ್ರಪ್ಪ ಒಮ್ಮೆಯೂ ಬಾರದ್ದು ಅವನನ್ನು ತಿನ್ನುತ್ತಿತ್ತು.

“ಕಾಕಾಗ ನನ್ನ ಮಾರಿ ಮ್ಯಾಲ ಉಗುಳಾಕೂ ಮನಸಿಲ್ರಿ” ಎನ್ನುತ್ತಿದ್ದ.

ನಾಲ್ಕನೆಯ ವರ್ಷ ಬಿಡುಗಡೆ ಆದೇಶ ಬಂತು, ಸಾಲವೆಲ್ಲ ಮಾಫಿ. ನಾನೇ ಒಯ್ದು ಊಟದ ಹೊತ್ತಿಗೆ ಓದಿ ಹೇಳಿದೆ. ಹುಲಗಪ್ಪ ಪರದೆಯ ಕಡೆ ಕೂಗಿದ.

“ಹೋಗ್ಲಿ ಬಿಡಪಾ. ನಿನ್ನ ಹೆಸರಿಗೆ ನಾವು ಎಳ್ಳು ನೀರು ಬಿಟ್ಟು ಬಾಳ ದಿನ ಆತು.”

ಎಲ್ಲರೂ ನಕ್ಕರು. ಪರದೆಯ ಸಂದಿಯಲ್ಲಿ ಕಂಡ ಮೌನಪ್ಪನ ತಲೆ ಇನ್ನಷ್ಟು ಕೆಳಗಾಯಿತು. ಬದುಕಿರುವವನಿಗೆ ತಿಥಿ ಮಾಡಿದ ಹಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಬಡಿಗೆ ಕುಟ್ಟಿದ ಸದ್ದಾಯಿತು. ಅಂಬ್ರಪ್ಪ.

“ಏ ಮೌನ್ಯಾ, ಹೊರಗ ಬಾ. ಕೋರ್ಟು ನಿನ್ನ ಬಿಟ್ಟದಂತ, ಖರೇನು?”

“ಹೌದು ಕಾಕಾ.”

“ಬಿಟ್ರ ಬಿಡ್ಲಿ. ನಾ ಬಿಟ್ಟಿಲ್ಲ. ಅರವತ್ತು ಗಾಡಿ ಬಾಡಿಗಿ ನೀ ಕೊಡಾಂವ ಅದೀ.”

ಕಾನೂನು ಹೇಳಲು ನಾನು ಬಾಯಿ ತೆರೆದೆ. ಮೌನಪ್ಪನ ಮುಖ ನೋಡಿ ಮುಚ್ಚಿಕೊಂಡೆ. ಅವನು ಪರದೆ ಸರಿಸಿ ಹೊರಗೆ ಬಂದಿದ್ದ, ಕಣ್ಣು ತುಂಬಿದ್ದವು.

“ಕೊಡ್ತೀನಿ ಕಾಕಾ” ಎಂದು ತಾನೇ ತಾಟು ಹಾಕಿದ. “ಇಷ್ಟು ದಿನ ಯಾಕ ಬರ್ಲಿಲ್ಲ?”

“ಬಂದ್ರ ನೀ ಪುಕ್ಕಟೆ ಉಣಿಸ್ತಿದ್ದಿ. ನಿನ್ನ ಒಳಗ ಹಾಕ್ತಿದ್ರು.”

ಮುದುಕ ಉಂಡು, ಊಟದ ರೊಕ್ಕ ಎಣಿಸಿಟ್ಟು ಹೋದ. ಮೌನಪ್ಪ ಕೈ ತೊಳೆದು ನನ್ನ ಎದುರು ಕೂತ.

“ಸಾಲ ತೀರಿಸಾಕ ಒಂದು ಪಟ್ಟಿ ಬರೀರಿ ಸಾಹೇಬ್ರ. ಒಂಬತ್ತೂ ಹೆಸರು ಇರ್ಲಿ. ಈ ಸಲ ಅಂಬ್ರಪ್ಪ ಕಾಕಾಂದು ಮೊದಲು.”

ಹುಲಗಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು.