ಕಸಬರಿಗೆ ಕಡ್ಡಿಯ ಸಸಿಗಳು

"ಏ ದುರ್ಗಿ, ನಿನ್ನ ಹೆಣಾ ಎತ್ಲಿ! ನಿನ್ನ ಕೈ ತಾಗಿದ ಮ್ಯಾಲನ ನನ್ನ ಸಸಿ ಮಕ್ಕೊಳ್ಳಾಕತ್ತಾವು!"

ಸುಳ್ಳ ಎಂಬ ಊರಿನ ನರ್ಸರಿಯ ಒಡೆಯ ನೀಲಕಂಠಪ್ಪ ಹೀಗೆ ಒದರಿದ್ದು ಹತ್ತು ಮಾರು ದೂರ ನಿಂತು. ಹತ್ತಿರ ಬಂದರೆ ಮೈಲಿಗೆ, ಕೂಗಿದರೆ ಏನಿಲ್ಲ. ಕೂಲಿಯಾಳು ದುರ್ಗವ್ವ ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತಲ್ಲಿಂದಲೇ ಮಲಗಿದ ಟೊಮೆಟೊ ಸಸಿಯೊಂದನ್ನು ಎತ್ತಿ ತೋರಿಸಿದಳು. ಮಣ್ಣಿಗೆ ತಾಗುವ ಬುಡ ಕಪ್ಪಾಗಿ, ನೂಲಿನಷ್ಟು ಸಣ್ಣಗಾಗಿತ್ತು.

"ಬುಡ ಕೊಳತೈತ್ರಿ ಸಾವ್ಕಾರ್ರ. ಮೂರೂ ಹೊತ್ತು ನೀರ ಹೊಡಸ್ತೀರಿ. ನೀರ ಕಡಿಮಿ ಮಾಡ್ರಿ, ಪರದೆ ಎತ್ತಿ ಗಾಳಿ ಬಿಡ್ರಿ. ಕೆಟ್ಟ ಟ್ರೇ ಹೊರಗ ಹಾಕಿ ಉಳದದ್ದಕ್ಕ ಔಷಧ ಹೊಡದ್ರ ಬದಕ್ತಾವು."

"ಓಹೋ, ಕೃಷಿ ಕಾಲೇಜಿನ ಮೇಡಂ ಬಂದ್ರು ನೋಡ್ರಿ! ಹೆಬ್ಬಟ್ಟ ಒತ್ತಾಕಿ ನನಗ ಬುದ್ಧಿ ಹೇಳ್ತಿ?"

ಮೇಡಂಗೆ ಕೊಟ್ಟ ಕೆಲಸವೇ ಬೇರೆ. ಮಧ್ಯಾಹ್ನ ಗಿರಾಕಿ ಬರುವವನಿದ್ದ. ಎಂಟು ಕಸಬರಿಗೆ ಬಿಚ್ಚಿ, ಕಡ್ಡಿ ಮುರಿದು, ಮಲಗಿದ ಒಂದೊಂದು ಸಸಿಗೂ ಊರುಗೋಲು ಕೊಟ್ಟು ದಾರ ಕಟ್ಟಬೇಕು. ದುರ್ಗವ್ವನೂ ಸೇರಿ ನಾಲ್ಕು ಹೆಂಗಸರು ಕಟ್ಟಿದರು. ಹೆಣಕ್ಕೆ ಸಿಂಗಾರ ಮಾಡಿ ಗೋಡೆಗೆ ಆನಿಸಿ ಕೂರಿಸಿದ ಹಾಗಾಯಿತು.

"ಬಾಯಿ ಬಿಟ್ರ ಕೆಲಸ ಹೋತು," ಎಂದ ಒಡೆಯ. ಈ ಕೂಲಿ ತಪ್ಪಿದರೆ ದುರ್ಗವ್ವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೊನೆಯ ಕಡ್ಡಿಗೆ ದಾರ ಬಿಗಿದಳು.

ಗಿರಾಕಿ ಬಂದ, ಉಪ್ಪಿನಬೆಟಗೇರಿಯ ಮಕಬೂಲಸಾಬ. ಮಂದಿಯ ಹೊಲ ಗೇಣಿಗೆ ಹಿಡಿದವನು, ಈ ಬೆಳೆ ಕೈಕೊಟ್ಟರೆ ಹೊಲವೂ ಕೈಬಿಡುತ್ತದೆ. ಟ್ರೇ ಮೇಲೆ ಬಗ್ಗಿದ.

"ಇದೇನ್ರಿ, ಕಡ್ಡಿ?"

"ಇಸ್ರೇಲ್ ಪದ್ಧತಿ. ನಿಮಗ ತಿಳಿಯಂಗಿಲ್ಲ," ಎಂದ ನೀಲಕಂಠಪ್ಪ, ಕಣ್ಣು ಮಿಟುಕಿಸದೆ.

ಮಕಬೂಲಸಾಬ ದುರ್ಗವ್ವನ ಕಡೆ ತಿರುಗಿದ. "ಖರೇ ಏನ್ ಅಕ್ಕಾ? ನಿನ್ನ ಮಾತ ಕೇಳಿ ಒಯ್ತೀನಿ."

ಅಕ್ಕಾ! ಮುಂಜಾನೆಯಿಂದ ಅವಳು ಬೈಗುಳವನ್ನಷ್ಟೇ ಕೇಳಿದ್ದಳು. ಒಲೆ ನೆನಪಾಯಿತು. ಅಳು ಬಂತು. ಅದನ್ನು ತಳ್ಳಿಕೊಂಡು ನಗು ಬಂತು.

"ಖರೇ ಅಣ್ಣಾ, ಭಾರೀ ತಳಿ. ಟೊಮ್ಯಾಟಿ ಬರದಿದ್ರೂ ಕಸಬರಿಗಿ ಬೆಳೀತಾವು." ಅಂದವಳೇ ಒಂದು ಕಡ್ಡಿ ಕಿತ್ತಳು. ಸಸಿ ಅಡ್ಡಬಿತ್ತು. ಇನ್ನುಳಿದ ಮೂವರೂ ಕಿಸಕ್ಕನೆ ನಕ್ಕು ಕೈಹಚ್ಚಿದರು. ಸಾಲು ಸಾಲೇ ಸಾವ್ಕಾರನಿಗೆ ಸಾಷ್ಟಾಂಗ ಹಾಕಿತು. ಮಕಬೂಲಸಾಬ ತನ್ನ ಖಾಲಿ ಕ್ರೇಟು ಹೆಗಲಿಗೇರಿಸಿ ನಡೆದೇಬಿಟ್ಟ.

"ನಿಲ್ಲಸ್ರಿ ಅವನ್ನ, ಹಲ್ಕಟ್ ರಂಡೇರಾ!" ಎನ್ನುತ್ತ ನೀಲಕಂಠಪ್ಪ ಓಡಿಬಂದು, ಮೊಣಕಾಲೂರಿ, ಎರಡೂ ಕೈಯಲ್ಲಿ ಒಂದೊಂದು ಸಸಿ ಹಿಡಿದು ನಿಲ್ಲಿಸಿದ.

ದುರ್ಗವ್ವ ಸೆರಗು ಕೊಡವಿ ಎದ್ದಳು. "ಹಂಗ ಹಿಡ್ಕೊಂಡ ಕುಂದರ್ರಿ ಸಾವ್ಕಾರ್ರ. ಕೈ ಬಿಟ್ರ ಬೀಳ್ತಾವು."

ನಾಲ್ವರೂ ಗೇಟು ದಾಟಿ ತಿರುಗಿ ನೋಡಿದರು. ಅವನು ಇನ್ನೂ ಬಿಟ್ಟಿರಲಿಲ್ಲ.