ಹದಿನಾಲ್ಕನೆಯ ಪುಟದ ಬೋರಮ್ಮ

ಒಂಬತ್ತು ವರ್ಷ ಮಗಳು ರಮ್ಯಾಳನ್ನು ಎಡಸೊಂಟದ ಮೇಲೆ ಹೊತ್ತು ಹೊತ್ತು, ಕಂಕುಳು ಖಾಲಿಯಿದ್ದಾಗಲೂ ಅಕ್ಕೂರಿನ ಬೋರಮ್ಮನ ಮೈ ಬಲಕ್ಕೆ ವಾಲಿಕೊಂಡೇ ಸಾಗುತ್ತದೆ. ರಮ್ಯಾಳಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ.

ಬೋರಮ್ಮನದು ಇನ್ನೊಂದು ಗುಣ: ತನ್ನದು ಯಾವುದನ್ನೂ ಆಕೆ ಚೆನ್ನಾಗಿದೆ ಎನ್ನುವವಳಲ್ಲ. ರೇಷ್ಮೆಹುಳು ಸಾಕುವವರಿಗೆ ಕಣ್ಣುದೃಷ್ಟಿಯ ಭಯ ಹೆಚ್ಚು. ತಟ್ಟೆ ತುಂಬ ಹುಳು ಗೂಡು ಕಟ್ಟಲು ಹಣ್ಣಾಗಿ ಹೊಳೆಯುತ್ತಿದ್ದರೂ ಕೇಳಿದವರಿಗೆ “ಏನೈತವ್ವ, ಎಲ್ಲಾ ಸೊರಗೋಗವೆ” ಎನ್ನುವುದೇ ಅಲ್ಲಿನ ವಾಡಿಕೆ. ಬೋರಮ್ಮ ಮಗಳ ವಿಷಯದಲ್ಲೂ ಅದನ್ನೇ ಪಾಲಿಸಿಕೊಂಡು ಬಂದಿದ್ದಳು.

ಹೆದ್ದಾರಿಯ ಬದಿಗೆ ಕಾರ್ಖಾನೆಗಳು ಏಳುತ್ತಿದ್ದ ಆ ವರ್ಷಗಳಲ್ಲಿ, ಅಂಥದೊಂದರ ನೆರವಿನಿಂದ ನಡೆಯುತ್ತಿದ್ದ ಸೇವಾಸಂಸ್ಥೆಯ ಪ್ರತಿಮಾ ಎಂಬ ಹುಡುಗಿ ಪ್ರತಿ ಮಂಗಳವಾರ ಬಂದು ರಮ್ಯಾಳ ಕಾಲುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಆ ಹುಡುಗಿಯ ಕೈಗುಣ ನಿಜಕ್ಕೂ ಒಳ್ಳೆಯದು. ಎರಡು ವರ್ಷ ಹೀಗೆ ಮಾಡಿಸಿದ ಮೇಲೆ ಮಗು ಕಂಬ ಹಿಡಿದು, ಹತ್ತು ಎಣಿಸುವಷ್ಟು ಹೊತ್ತು ನಿಂತಿತು. ಅಂದು ಬೋರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೊಂದು ದಿನ ಪ್ರತಿಮಾ ಕ್ಯಾಮೆರಾದವನನ್ನು ಕರೆತಂದಳು. ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಹಗಲಿರುಳು ಸೊಪ್ಪು ತಿನ್ನುವ ವಾರವದು. ವಾಸನೆ ಹುಳುವಿಗೆ ಆಗದೆಂದು ಬೋರಮ್ಮ ಹೂ ಮುಡಿದಿರಲಿಲ್ಲ, ತಲೆಗೆ ಎಣ್ಣೆ ಹಚ್ಚಿರಲಿಲ್ಲ, ಬೆಳಕು, ನೊಣ ಒಳಬಾರದೆಂದು ಕಿಟಕಿಗಳಿಗೆಲ್ಲ ಗೋಣಿತಾಟು ಇಳಿಬಿಟ್ಟಿದ್ದಳು. ಸೊಪ್ಪು ಹಾಕುವಾಗ ಮಗಳು ಕಣ್ಣೆದುರೇ ಇರಲೆಂದು, ಉರುಳಿ ತಟ್ಟೆಗಳ ಕೆಳಗೆ ಸೇರದಿರಲೆಂದು, ಹಳೆಯ ಸೀರೆಯ ತುಂಡನ್ನು ಅವಳ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟಿದ್ದಳು.

“ಒಸಿ ತಡೀರವ್ವ, ಸೀರೆ ಬದ್ಲಾಯಿಸ್ಕೊಂಡ್ ಬತ್ತೀನಿ.”

“ಬೇಡಮ್ಮ, ಹೀಗೇ ಇರ್ಲಿ. ನಾವು ಬರೋಕೆ ಮುಂಚೆ ಮಗು ಹೇಗಿತ್ತು, ಅದನ್ನ ಹೇಳಿ” ಎಂದಳು ಪ್ರತಿಮಾ.

ಈಗಷ್ಟೇ ನಿಲ್ಲಲು ಕಲಿತ ಮಗಳಿಗೆ ದೃಷ್ಟಿ ತಾಗೀತೆಂದು ತಾಯಿ ಹೆದರಿದಳು. “ಯಾರವ್ವ ನೋಡೋರು? ಕತ್ಲೇಲಿ ಕೊರಡಂಗೆ ಬಿದ್ದಿರ್ತಿತ್ತು” ಎಂದುಬಿಟ್ಟಳು.

ಸಂಸ್ಥೆಯ ನುಣುಪು ಕಾಗದದ ಪುಸ್ತಿಕೆ ಮನೆಗೆ ಬಂತು. ಹದಿನಾಲ್ಕನೆಯ ಪುಟವನ್ನು ಗಂಡ ಬೈರಪ್ಪ ಅಕ್ಷರ ಕೂಡಿಸಿ ಓದಿದ: ‘ಹೆತ್ತವರೇ ಕತ್ತಲ ಕೋಣೆಯಲ್ಲಿ ಕಟ್ಟಿಹಾಕಿದ್ದ ರಮ್ಯಾ ಇಂದು ನಡೆಯುತ್ತಾಳೆ.’ ಓದಿ ಮುಗಿಸಿ, “ಇದ್ನ ನೀನೇ ಯೋಳ್ದೇನಮ್ಮಿ?” ಎಂದ.

ಮುಂದಿನ ಮಂಗಳವಾರ ಪ್ರತಿಮಾ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಗಳನ್ನು ಹೊತ್ತು ಬೋರಮ್ಮ ಬಸ್ಸು ಹತ್ತಿ ಚನ್ನಪಟ್ಟಣದ ಕಚೇರಿಗೆ ಹೋದಳು. ಮೇಲ್ವಿಚಾರಕ ಅನಂತರಾಜು ಸಭ್ಯನೇ, ಕೂರಲು ಕುರ್ಚಿ ಕೊಟ್ಟ.

“ನಿಮ್ಮ ಮಗಳು ಗೆದ್ದಾಯ್ತಲ್ಲಮ್ಮ. ಇನ್ನೂ ಎಷ್ಟೋ ಮಕ್ಕಳು ಕಾಯ್ತಿದಾರೆ.”

“ನಡಿಯಾಕಿಲ್ಲ ಸ್ವಾಮಿ, ನಿಂತ್ಕತಾಳೆ ಅಷ್ಟೆಯ. ಕತ್ಲೇಲಿ ಬಿದ್ದಿದ್ಲು ಅಂದದ್ದೂ ಸುಳ್ಳು. ನನ್ ಮಗ್ಳು ಯಾವತ್ತೂ ಚೆಂದಾಗೇ ಇದ್ಲು!”

ಜೀವಮಾನದಲ್ಲಿ ಮೊದಲ ಸಲ ಆಕೆ ಮಗಳನ್ನು ಪರರೆದುರು ಹೊಗಳಿದ್ದಳು. ಅನಂತರಾಜು ನಕ್ಕ. “ಚೆನ್ನಾಗಿದಾಳೆ ಅಂತ ನೀವೇ ಹೇಳ್ತಿದೀರಲ್ಲಮ್ಮ” ಎಂದ.

ಪ್ರತಿಮಾ ಮಾಡಿಸುವಾಗ ಕಂಡಿದ್ದಷ್ಟನ್ನು ನೆನಪಿಟ್ಟುಕೊಂಡು ಬೋರಮ್ಮ ತಾನೇ ಆ ಕಾಲುಗಳನ್ನು ನೀವಿದಳು, ಎಳೆದಳು. ಮಗು ನೋವಿಗೆ ಕಿರುಚಿದರೆ ಕೈಬಿಟ್ಟಳು. ಹತ್ತರ ಎಣಿಕೆ ನಾಲ್ಕಕ್ಕಿಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮಂಡಿಗಳು ಸೆಟೆದು, ರಮ್ಯಾ ನಿಲ್ಲುವುದೇ ತಪ್ಪಿಹೋಯಿತು.

ಇಂಥ ತಾಯಂದಿರು ನಮ್ಮಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಉಪಕಾರಿಗಳು ಬಾಗಿಲಿಗೆ ಬರುವ ಮುಂಚಿನ ಅವರ ಬದುಕೆಲ್ಲ ಕತ್ತಲೆಯೆಂದು ಬರೆಯಲಾಗುತ್ತದೆ. ಉಪಕಾರಿಗಳು ಹೊರಟುಹೋದ ಮೇಲಿನದನ್ನು ಬರೆಯುವವರೇ ಇರುವುದಿಲ್ಲ.