ಕಲಬುರಗಿ ಅವ್ವ

"ಏರ್ತೀರೇನ್ರಿ ಅಕ್ಕಾ, ಇಲ್ಲಂದ್ರ ರೈಟ್ ಹೇಳ್ಲಾ?" ಕಂಡಕ್ಟರ್ ಕೇಳಿದ.

ಗೌತಮಿ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಸೊಂಟದ ಮೇಲಿದ್ದ ಮೂರು ವರ್ಷದ ಕಪಿಲ ಅವಳ ಭುಜ ಕಚ್ಚಿ, ಹಿಂದೆ ನಿಂತಿದ್ದ ಮಾಯಾಳತ್ತ ಎರಡೂ ಕೈ ಚಾಚಿ "ಅವ್ವಾ" ಎಂದು ಚೀರುತ್ತಿದ್ದ. ಕಲಬುರಗಿ ಬಸ್ಸು ಹೊರಟುಹೋಯಿತು. ಗೌತಮಿ ಅಂದು ಮಾಯಾಳ ಊರಾದ ಕಮಲಾಪುರದಲ್ಲೇ ಉಳಿದಳು.

ಕಪಿಲ ಅವಳು ಹೆತ್ತ ಮಗ. ಅವನಿಗೆ ಹಲ್ಲು ಮೂಡುವ ಮೊದಲೇ ಅವಳಿಗೆ ಕ್ಷಯ ಬಂದಿತ್ತು. ಆಸ್ಪತ್ರೆ, ಆಮೇಲೆ ಕಲಬುರಗಿ ಅಂಚಿನ ಕುಸನೂರಿನ ಒಂಟಿ ಕೋಣೆ. ಮೊದಲ ಔಷಧ ನಾಟದೆ ಮತ್ತೆ ಮೊದಲಿನಿಂದ ಶುರು. ಅಷ್ಟೂ ಕಾಲ ಮಗುವನ್ನು ಸಾಕಿದವಳು ಅಕ್ಕ ಮಾಯಾ. ಅವಳಿಗೆ ಮಕ್ಕಳಿರಲಿಲ್ಲ. ಈಗ ರೋಗ ವಾಸಿಯಾಗಿತ್ತು, ಅಲ್ಲೇ ಹತ್ತಿರದ ನಂದೂರಿನ ಬೇಳೆ ಮಿಲ್ಲಿನ ಕೆಲಸವೂ ಮರಳಿ ಸಿಕ್ಕಿತ್ತು. ಮಗ ಮಾತ್ರ ಅವಳನ್ನು 'ಕಲಬುರಗಿ ಅವ್ವ' ಎನ್ನುತ್ತಿದ್ದ. ಬರೀ ಅವ್ವ ಎಂದರೆ ಮಾಯಾ.

ಮನೆಗೆ ಮರಳಿದ ಮೇಲೆ ಅವನು ಮಾಯಾಳ ಸೆರಗು ಹಿಡಿದು ಕೇಳಿದ: "ಅವ್ವಾ, ಕಲಬುರಗಿ ಅವ್ವ ಊರಿಗಿ ಯಾವಾಗ ಹೋಗ್ತಾಳ?"

ಮಾಯಾ ಗದರಲು ಬಾಯಿ ತೆರೆದಳು.

"ಬೈಬ್ಯಾಡಕ್ಕಾ," ಎಂದಳು ಗೌತಮಿ. "ಜಬರ್ದಸ್ತಿ ಒಯ್ಯಂಗಿಲ್ಲ ನಾ. ಐತಾರಕ್ಕೊಮ್ಮಿ ಬರ್ತೀನಿ. ಅಂವ ತಾನಾಗೇ ಬರೋತನಕ."

ಮಿಲ್ಲಿನಲ್ಲಿ ಬೇಳೆ ಆರಿಸುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತಿತ್ತು. ಅವನು ಮೊದಲು ಅಂಬೆಗಾಲಿಟ್ಟದ್ದು, ಎದ್ದು ನಿಂತದ್ದು, ಯಾವುದನ್ನೂ ಅವಳು ಕಂಡಿರಲಿಲ್ಲ. ಮೊದಮೊದಲು ಅವಳು ಕಲಸಿದ ಅನ್ನವನ್ನು ಅವನು ಮುಟ್ಟುತ್ತಿರಲಿಲ್ಲ. ರೊಟ್ಟಿಯ ಅಂಚು ಅವನಿಗೆ ಸೇರದು, ತಲೆಗೆ ನೀರು ಹಾಕುವಾಗ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು ಎಂಬುದನ್ನೆಲ್ಲ ಅವಳು ಪರರ ಮಗುವಿನದು ಎಂಬಂತೆ ನೋಡಿ ಕಲಿತಳು. ಮಿಲ್ಲಿಗೆ ರಜೆಯಿರುವ ಐತಾರ ಬಂತೆಂದರೆ ಮಾಯಾಳಿಗೆ ಹೊರಗೆ ಏನಾದರೊಂದು ಕೆಲಸ ಇರುತ್ತಿತ್ತು. "ಹೊಲಕ್ಕ ಹೋಗಿ ಬರ್ತೀನಿ" ಎಂದು ಹೋದವಳು ಹೊತ್ತು ಇಳಿದ ಮೇಲೇ ಬರುತ್ತಿದ್ದಳು.

ಮಳೆಗಾಲ ಮುಗಿದ ಮೇಲಿನ ಒಂದು ಐತಾರ, ಆಡಿ ಆಡಿ ದಣಿದ ಕಪಿಲ ತಾನಾಗಿ ಬಂದು ಗೌತಮಿಯ ತೊಡೆ ಹತ್ತಿದ. ಹಾಗೇ ಭುಜಕ್ಕೆ ಒರಗಿ ನಿದ್ದೆ ಹೋದ. ಅವಳು ಉಸಿರು ಬಿಗಿಹಿಡಿದು ಕುಳಿತಳು. ಆಮೇಲೆ ತಡೆಯಲಾರದೆ, ಅಕ್ಕನಿಗೆ ತೋರಿಸಲೆಂದು ಅವನನ್ನು ಹೊತ್ತುಕೊಂಡೇ ಹೊಲದ ದಾರಿ ಹಿಡಿದಳು.

ಹೊಲದವರೆಗೆ ಹೋಗಬೇಕಾಗಲಿಲ್ಲ. ಬುದ್ಧವಿಹಾರದ ಹಿಂದಿನ ಬೇವಿನ ಕೆಳಗೆ ಮಾಯಾ ಬರಿಗೈಲಿ ಸುಮ್ಮನೆ ಕುಳಿತಿದ್ದಳು.

"ಇಲ್ಲೇನ್ ಮಾಡಾಕತ್ತೀ ಅಕ್ಕಾ?"

"ನಾ ಕಣ್ಣಿಗಿ ಬಿದ್ರ ಅಂವ ನಿನ್ನ ಕಡಿ ಬರಂಗಿಲ್ಲ," ಎಂದಳು ಮಾಯಾ, ಬೇರೆಲ್ಲೋ ನೋಡುತ್ತ. "ಅದಕ್ಕ ಇಲ್ಲೇ ಕೂಡ್ತೀನಿ."

ಗೌತಮಿ ಅವಳ ಪಕ್ಕದಲ್ಲಿ ಕುಳಿತಳು. ಕಪಿಲನ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮಾಯಾ ಒರೆಸಲು ಸೆರಗಿನ ತುದಿ ಎತ್ತಿದವಳು, ಅರ್ಧಕ್ಕೇ ಕೈ ತಡೆದಳು.

ಮಗುವಿಗೆ ಎಚ್ಚರವಾಗದಂತೆ ಗೌತಮಿ ತನ್ನ ಭುಜವನ್ನು ಮೆಲ್ಲಗೆ ಅವಳತ್ತ ತಿರುಗಿಸಿದಳು.